ಎಂಟೂ ಇಪ್ಪತ್ತು

ಬಿಳಿ ಬಳಿದವನು ನಾನೇ,
ಬೂದಿಬಣ್ಣ ಬಳಿದು ಅಳಿಸಿದವನೂ ನಾನೇ.
ಎರಡಕ್ಕೂ ಅದೇ ರೋಲರು.
ಎಷ್ಟು ಕೋಟು ಬೇಕಾದೀತು, ಅಂತ ಮೇಸ್ತ್ರಿ ಕೇಳಿದ.
ಎಷ್ಟು ಹಾಕಿದರೂ ಇಳಿಬಿಸಿಲಿಗೆ ಕಾಣುತ್ತೆ, ಅಂದೆ,
ಸ್ಲೇಟಿನ ಮೇಲೆ ಉಗುಳು ಹಚ್ಚಿ ಅಳಿಸಿದ ಲೆಕ್ಕದ ಹಾಗೆ.

ಸಾವೊ ಪಾವ್ಲೊ ನಗರದ ನೆತ್ತಿ,
ಮೂವತ್ತೊಂದನೇ ಮಹಡಿಯ ಮೇಲಿನ ತಾರಸಿ.
ಒಂದೇ ಮೆಟ್ಟಿಲ ಏಣಿಯೊಂದನ್ನು
ಅಂಗಾತ ಮಲಗಿಸಿದಂತೆ ಆ ಎಚ್ ಅಕ್ಷರ.
ಏಣಿ ಹಾಕಿದರೂ ಎಟುಕದವರು
ಹದಿನೇಳು ವರ್ಷ ಅದರ ಮೇಲೇ ಇಳಿದರು.

ನಾನು ಜೆನಿವಾಲ್ದೊ.
ಪಿಯಾವಿ ಸೀಮೆಯಿಂದ ಎರಡೂವರೆ ದಿನ ಬಸ್ಸಲ್ಲಿ ಕೂತು ಬಂದವನು.
ಬೆಂಕಿ ಹತ್ತಿದರೆ ಆರಿಸುವುದು ನನ್ನ ಕೆಲಸ.
ಬೆಂಕಿ ಹತ್ತಲೇ ಇಲ್ಲ.
ಕೆಂಪು ಸಿಲಿಂಡರು ಹಿಡಿದು ನಿಂತದ್ದಷ್ಟೇ ಬಂತು,
ಮದುವೆಗೆ ಬಂದೂ ಊಟಕ್ಕೆ ಕೂರದವನ ಹಾಗೆ.

ತಾವಾರೆಸ್ ಧಣಿ ಇಳಿಯುವಾಗ ತಲೆ ಬಗ್ಗಿಸುತ್ತಿದ್ದರು.
ನನಗಲ್ಲ, ತಿರುಗುವ ರೆಕ್ಕೆಗೆ.
ಇದು ತಿಳಿಯುವ ತನಕ ಮೊದಲ ಆರು ತಿಂಗಳು
ನಾನೂ ಬಗ್ಗಿ ಮರ್ಯಾದೆ ಹಿಂತಿರುಗಿಸಿದೆ.
ಅವರಿಗೆ ಮನೆಯಿಂದ ಇಲ್ಲಿಗೆ ಹನ್ನೊಂದು ನಿಮಿಷ.
ನಾನು ನಾಲ್ಕಕ್ಕೇ ಎದ್ದು,
ಒಂದು ರೈಲು, ಎರಡು ಬಸ್ಸು.
ಅದರ ಮಾತು ಈಗ ಬೇಡ.

ಆಗಸ್ಟಿನಲ್ಲಿ ಕಾಗದ ಬಂತು.
ಸದ್ದಿನ ಲೆಕ್ಕ, ಪರವಾನಗಿಯ ಲೆಕ್ಕ,
ಬಾಲಂಗೋಚಿಯಾಗಿ ಮುನ್ನೂರ ಹನ್ನೆರಡು ರುಜು.
ಲಿಫ್ಟಿನ ಪಕ್ಕ ಅಂಟಿಸಿದ್ದರು.
ಮೊದಲನೆಯದು ದುಂಡಗಿನ ಅಕ್ಷರ, ಮಕ್ಕಳಿಗೆ ತಿದ್ದಲು ಬರೆದಂತೆ:
ಜೊರಾಯ್ಡೆ, ಮೂರನೇ ತರಗತಿ.

ಆ ಶಾಲೆ ನನಗೆ ಗೊತ್ತು.
ಮೇಲಿನಿಂದ ಗೊತ್ತು.
ಬಿಡುವಿನ ಗಂಟೆ ಹೊಡೆದರೆ ಅಂಗಳದಲ್ಲಿ
ಅಕ್ಕಿಕಾಳು ಚೆಲ್ಲಿದಂತೆ ಬಿಳಿ ಅಂಗಿಗಳು.

ಕಡೆಯ ಹಾರಾಟ ಒಂದು ಗುರುವಾರ.
ಧಣಿ ಇಳಿದು ಹೋದ ಮೇಲೆ ಪೈಲಟ್ ರೆಜಾನೆ
ಫ್ಲಾಸ್ಕಿನಲ್ಲಿ ಉಳಿದ ಕಾಫಿಯಲ್ಲಿ ಅರ್ಧ ನನಗೆ ಕೊಟ್ಟು,
ಬಾ, ಒಂದು ಸುತ್ತು, ಅಂದಳು.
ಹದಿನೇಳು ವರ್ಷಕ್ಕೆ ಮೊದಲ ಸಲ ಕರೆದವಳು.
ಪಾಳಿ ಮುಗಿದಿಲ್ಲ, ಅಂದೆ.
ಯಾಕೆ ಹಾಗೆ ಅಂದೆನೋ.
ಅವಳು ಮೇಲೆದ್ದಳು, ವಾಲಿದಳು, ಚುಕ್ಕಿಯಾದಳು.
ಕಾಫಿ ಆರಿರಲಿಲ್ಲ ಇನ್ನೂ.

ಗಾಳಿಚೀಲ ಬಿಚ್ಚಿ ಮಡಿಸಿಟ್ಟೆ.
ಮಡಿಸುವಾಗ ಒಳಗಿಂದ ಒಂದಿಷ್ಟು ಗಾಳಿ ಹೊರಬಿತ್ತು.
ಸಿಲಿಂಡರು, ಬೂಟು, ಕಿವಿಮುಚ್ಚಿ, ಟೊಪ್ಪಿ,
ಒಂದೊಂದಕ್ಕೂ ರುಜು ಹಾಕಿಸಿಕೊಂಡು ಒಳಗಿಟ್ಟುಕೊಂಡರು.

ಎರಡನೇ ವಾರ ಆ ಬೀದಿಗೆ ಹೋದೆ.
ಸಿಟ್ಟಿತ್ತೇ?
ಇತ್ತು, ಚೂರು.
ಸುಮ್ಮನೆ ಕೂರಲಾರದ ಚಡಪಡಿಕೆಯೂ ಇತ್ತು.
ನೆತ್ತಿ ಮಾತ್ರ ನೋಡಿದ್ದ ಶಾಲೆಯ ಮುಖ ಆವತ್ತು ಕಂಡೆ:
ಗೋಡೆ ಹಳದಿ. ಮೇಲಿನಿಂದ ಗೋಡೆ ಕಾಣುವುದಿಲ್ಲ.
ಗೇಟಿನಲ್ಲಿ ಪಾಪ್‌ಕಾರ್ನ್ ಗಾಡಿ.
ಕಿಟಕಿ ತೆರೆದಿತ್ತು, ದನಿ ಕೇಳಿತು,
ಕೂಗಿ ಕೂಗಿ ಅಂಚು ಹರಿದ ದನಿ:

ಅಮೆಜಾನ್ ನದಿ ಹುಟ್ಟುವುದು...

ಅಷ್ಟಕ್ಕೇ ನಿಂತಿತು.
ಇಣುಕಿದೆ. ಸೀಮೆಸುಣ್ಣ ಎತ್ತಿದ ಕೈ ಎತ್ತಿದಂತೆಯೇ,
ಮೂವತ್ತು ಪೆನ್ಸಿಲು ಇದ್ದಲ್ಲೇ.
ಹಿಂದಿನ ಬೆಂಚಿನ ಹುಡುಗನೊಬ್ಬ ಎರಡೂ ಕಿವಿಗೆ ಬೆರಳಿಟ್ಟಿದ್ದ.
ಗೋಡೆಯ ಗಡಿಯಾರದಲ್ಲಿ ಎಂಟೂ ಇಪ್ಪತ್ತು.

ಏನೂ ಬರಲಿಲ್ಲ.
ಯಾರದೋ ಮನೆಯಲ್ಲಿ ಹುರುಳಿ ಬೇಯುವ ಕುಕ್ಕರು
ಒಂದು ಸಲ ಕೂಗಿ ಸುಮ್ಮನಾಯಿತು.
ನನ್ನ ಬಲಗೈ ಟೊಪ್ಪಿಯನ್ನು ಒತ್ತಿ ಹಿಡಿದಿತ್ತು, ಹಾರದಂತೆ.
ಗಾಳಿ ಇರಲಿಲ್ಲ.
ಟೊಪ್ಪಿಯೂ ಇರಲಿಲ್ಲ.

ಪೆರುವಿನ ಬೆಟ್ಟಗಳಲ್ಲಿ, ಅಂದರು ಟೀಚರು
ಆಮೇಲೆ,
ಯಾರೂ ಕೂಗಬೇಕಾಗಿಲ್ಲದ ಕೋಣೆಯಲ್ಲಿ
ಕೂಗಿಯೇ.